ಹಾರ್ಚಾದ ಬಾಗಿಲಲ್ಲಿ ಸರತಿ

ಡಾನ್ಯೂಬ್ ದಂಡೆಯ ಬಾಯಾ ಊರಿನವರನ್ನು ಏನು ಬೇಕಾದರೂ ಅಂದು ದಕ್ಕಿಸಿಕೊಳ್ಳಬಹುದು, ಅವರ ಮೀನಿನ ಸಾರಿನ ತಂಟೆಗೆ ಮಾತ್ರ ಹೋಗಬಾರದು. ಸೆಗೆಡ್ ಕಡೆಯವರು ಸಾರಿಗೆ ಶಾವಿಗೆ ಹಾಕುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆ ಕಡೆ ಹೆಣ್ಣು ಕೊಡಲು ಹಿಂದೆಮುಂದೆ ನೋಡಿದ ಮುದುಕರು ಇಲ್ಲಿದ್ದಾರೆ. ಇನ್ನೊಂದು ಹಠ ಅದಕ್ಕಿಂತ ದೊಡ್ಡದು. ಕೊಪ್ಪರಿಗೆ ಬೆಂಕಿಯ ಮೇಲೆ ತೂಗಿದ ಮೇಲೆ ತಟ್ಟೆ ಹಿಡಿದು ಬಂದವರು ಯಾರೇ ಆಗಲಿ, ಆಗದವರೇ ಆಗಲಿ, ವಾಪಸ್ ಕಳಿಸುವಂತಿಲ್ಲ. ಕಳಿಸಿದರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಎಮೋಕೆ ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ಆ ಹಠ ಅವಳಿಗೆ ತಾಯಿಯ ಹಾಲಿನ ಜೊತೆಗೇ ಬಂದಿತ್ತು. ಅದನ್ನು ತನ್ನ ಯಂತ್ರಕ್ಕೂ ಕಲಿಸಲು ಹೋದಳು ನೋಡಿ, ರಗಳೆ ಶುರುವಾದದ್ದು ಅಲ್ಲಿಂದ.

ಎಮೋಕೆ ಊರಿಗೆ ಇಂಟರ್ನೆಟ್ ಕೊಡುವ ನಾದಶ್ ಕೇಬಲ್ ಕಂಪನಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವವಳು. ಕೂದಲಿಗೆ ನರೆ ಇಣುಕುವ ವಯಸ್ಸು, ಮಾತು ಸ್ವಲ್ಪ ಖಾರ, ಕೆಲಸದ ವಿಷಯದಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬ ನಂಬಿಕೆ. ಆ ನಂಬಿಕೆ ಸುಳ್ಳೂ ಅಲ್ಲ. ಅಷ್ಟೂ ಯಂತ್ರಗಳಲ್ಲಿ ಅವಳ ಜೀವವಿದ್ದದ್ದು ಒಂದರ ಮೇಲೆ, ಊರಿನ ಡಿಎನ್‌ಎಸ್ ಸರ್ವರ್ ಮೇಲೆ. ಅದಕ್ಕೆ ಹಾರ್ಚಾ ಎಂದು ಹೆಸರಿಟ್ಟವಳೂ ಅವಳೇ; ಡಾನ್ಯೂಬ್ ನದಿಯ ತಳದಲ್ಲಿ ಮೀಸೆ ಬಿಟ್ಟುಕೊಂಡು ಮಲಗಿರುವ ದೊಡ್ಡ ಬಾಳೆ ಮೀನಿನ ಹೆಸರು ಅದು. ಊರಿನಲ್ಲಿ ಯಾರು ಫೋನಿನಲ್ಲಿ ಯಾವ ಪುಟದ ಹೆಸರನ್ನು ಒತ್ತಿದರೂ, ಆ ಹೆಸರಿನವರ ಮನೆ ಎಲ್ಲಿ ಎಂದು ಫೋನು ಮೊದಲು ಹಾರ್ಚಾವನ್ನು ಕೇಳಬೇಕು. ಹಾರ್ಚಾ ವಿಳಾಸ ಹೇಳಿದರೆ ಪುಟ ತೆರೆಯುತ್ತದೆ. ಅದು ಬಾಯಿ ಮುಚ್ಚಿಕೊಂಡರೆ ತಂತಿ ಸರಿಯಿದ್ದರೂ, ಕರೆಂಟಿದ್ದರೂ, ಊರಿಗೆ ಊರೇ ಕುರುಡು.

ಹೋದ ವರ್ಷದ ಕಟಾಫ್ ಸಂಜೆ ಅದು ಬಾಯಿ ಮುಚ್ಚಿಕೊಂಡಿತ್ತು. ಜುಲೈ ಕೊನೆಯ ಆ ಸಂಜೆ ದೇಶದ ಅಷ್ಟೂ ಕಾಲೇಜುಗಳ ಕಟಾಫ್ ಅಂಕಗಳು ಒಂದೇ ಗಳಿಗೆಗೆ ಹೊರಬೀಳುತ್ತವೆ. ಮಕ್ಕಳು ನದಿ ದಂಡೆಯಲ್ಲಿ ಬಿಯರ್ ಹಿಡಿದು ಗುಂಪುಗೂಡುತ್ತಾರೆ, ತಂದೆ ತಾಯಿ ಅಡುಗೆಮನೆಯಲ್ಲಿ ಉಗುರು ಕಡಿಯುತ್ತಾರೆ, ಗಂಟೆ ಹೊಡೆದ ಕೂಡಲೇ ಊರಿನ ಅಷ್ಟೂ ಫೋನುಗಳು ಹಾರ್ಚಾದ ಬಾಗಿಲು ಬಡಿಯುತ್ತವೆ. ಹೋದ ವರ್ಷ ಹೀಗೆ ಬಡಿದಾಗ ಊರಿನಲ್ಲಿ ಒಂದು ಪುಟವೂ ತೆರೆಯಲಿಲ್ಲ. ಪಕ್ಕದ ಹಳ್ಳಿಯ ಹುಡುಗರಿಗೆ ತಮ್ಮ ಸೀಟು ಗೊತ್ತಾಗಿ ಹಾಡಿ ಕುಣಿದು ಮಲಗಿದ ಮೇಲೆ ಬಾಯಾದವರಿಗೆ ಗೊತ್ತಾಯಿತು. ಎಮೋಕೆಯ ಪಕ್ಕದ ಮನೆಯ ಇರ್ಮಾ ನೇನಿ, ಅಂದರೆ ಊರಿಗೆಲ್ಲ ಇರ್ಮಾ ಅತ್ತೆ, ನಾಲಿಗೆಗೆ ಮೂಳೆಯಿಲ್ಲದ ಮುದುಕಿ, ಬೇಲಿಯಾಚೆಯಿಂದಲೇ ಕೇಳಿದ್ದಳು, ನಿಮ್ಮ ಕಂಪನಿಗಿಂತ ಪಾರಿವಾಳದ ಕಾಲಿಗೆ ಚೀಟಿ ಕಟ್ಟಿದ್ದರೆ ಬೇಗ ಬರುತ್ತಿತ್ತಲ್ಲವಾ ಎಂದು. ಎಮೋಕೆಗೆ ಅವಮಾನದಿಂದ ಮೈಯೆಲ್ಲ ಉರಿದುಹೋಗಿತ್ತು.

ಸುಮ್ಮನೆ ಕೂರುವ ಪೈಕಿ ಅವಳಲ್ಲ. ಹುಡುಕಿದಳು, ಸಿಕ್ಕಿತು. ಹಾರ್ಚಾದ ಬಾಗಿಲಲ್ಲಿ, ಬಂದ ಪ್ರಶ್ನೆಗಳು ತಮ್ಮ ಪಾಳಿ ಬರುವವರೆಗೆ ಕಾಯುವ ಒಂದು ಜಾಗವಿದೆ. ಸಾಕೆಟ್ ಬಫರ್ ಎನ್ನುತ್ತಾರೆ ಅದನ್ನು. ಆ ಜಾಗ ಯಂತ್ರದ ಜೊತೆಗೆ ಬಂದಷ್ಟೇ ಇತ್ತು, ಅಂಗೈಯಗಲ. ಪ್ರಶ್ನೆಗಳು ಒಟ್ಟಿಗೆ ನುಗ್ಗಿದಾಗ ಜಾಗ ಸಾಲದೆ ಉಳಿದವು ಹೊರಗೆ ಬಿದ್ದುಹೋಗುತ್ತಿದ್ದವು. ಇದಕ್ಕೆ ಡ್ರಾಪ್ ಎಂದು ಹೆಸರು. ತಮಾಷೆಯೆಂದರೆ ಮರುಕ್ಷಣವೇ ಹಾರ್ಚಾ ಕೈಖಾಲಿ ಕೂತಿರುತ್ತಿತ್ತು. ಊರಿನ ಮಕ್ಕಳನ್ನು ಬಾಗಿಲಿಂದ ವಾಪಸ್ ಕಳಿಸಿ ಒಳಗೆ ಸುಮ್ಮನೆ ಕೂರುವುದೇ! ಬಾಯಾದಲ್ಲಿ ಹುಟ್ಟಿದ ಯಂತ್ರ ಮಾಡುವ ಕೆಲಸವೇ ಇದು! ಎಮೋಕೆ ಅಂಗೈಯಗಲದ ಜಾಗವನ್ನು ಜಾತ್ರೆ ಮೈದಾನದಷ್ಟು ಮಾಡಿದಳು. ಇನ್ನು ಯಾರೇ ಬರಲಿ, ಎಷ್ಟೇ ಬರಲಿ, ಒಬ್ಬರನ್ನೂ ಅಟ್ಟುವ ಮಾತಿಲ್ಲ.

ಕಂಪನಿಯ ಯಜಮಾನ ಗಾಶ್ಪಾರ್ ಬಾಚಿಗೆ ಇದು ಬಹಳ ಹಿಡಿಸಿತು. ಊರವರು ಮರ್ಯಾದೆಗೆ ಬಾಚಿ, ಅಂದರೆ ಮಾಮ, ಎನ್ನುವ ಎತ್ತರದ ಆಳು, ಹಿಂದೆ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವನು, ಅಂಕಿ ಕಂಡರೆ ಮಾತ್ರ ಸಮಾಧಾನ. ಆಫೀಸಿನ ಗೋಡೆಗೆ ದೊಡ್ಡ ಪರದೆ ತೂಗುಹಾಕಿಸಿ ಅದರಲ್ಲಿ ಡ್ರಾಪ್ ಎಷ್ಟು ಎಂದು ತೋರಿಸುವ ಹಾಗೆ ಮಾಡಿಸಿದ. ಎಷ್ಟು ನೋಡಿದರೂ ಸೊನ್ನೆ. ಬಂದವರಿಗೆಲ್ಲ ಆ ಹಸಿರು ಸೊನ್ನೆಯನ್ನು ತೋರಿಸುವುದೇ ಅವನಿಗೊಂದು ಹಬ್ಬವಾಯಿತು. ಹೆಂಡತಿಯ ಕೈಯಲ್ಲಿ ಚೀಸಿನ ಪೊಗಾಚಾ ಬನ್ನು ಮಾಡಿಸಿ ತಂದು ಎಮೋಕೆಯ ಮೇಜಿನ ಮೇಲಿಟ್ಟ.

ಆಮೇಲೆ ಜೂನಿನ ಆ ಫುಟ್‌ಬಾಲ್ ಸಂಜೆ ಬಂತು. ದೇಶದ ತಂಡ ಆಡುತ್ತಿದೆ, ಊರೆಲ್ಲ ಫೋನಿನಲ್ಲೂ ಟೀವಿಯಲ್ಲೂ ಇಂಟರ್ನೆಟ್ ಮೂಲಕವೇ ನೋಡುತ್ತಿದೆ. ನಡುವೆ ಒಮ್ಮೆ ಚಿತ್ರ ಕಡಿಯಿತು, ಎಲ್ಲರೂ ಒಟ್ಟಿಗೆ ಮತ್ತೆ ಒತ್ತಿದರು. ಅಷ್ಟೇ, ಆಮೇಲೆ ಏನೂ ತೆರೆಯಲಿಲ್ಲ. ಆಫೀಸಿನ ಫೋನುಗಳು ಒಂದೇ ಸಮ ಅರಚಿಕೊಂಡವು. ಗೋಡೆಯ ಮೇಲೆ ನೋಡಿದರೆ ಅದೇ ಹಸಿರು ಸೊನ್ನೆ, ಒಂದು ಪ್ರಶ್ನೆಯೂ ಹೊರಗೆ ಬಿದ್ದಿಲ್ಲ. ಹಾರ್ಚಾ ಉಸಿರು ಬಿಡದೆ ದುಡಿಯುತ್ತಿದೆ, ಬಂದದ್ದಕ್ಕೆಲ್ಲ ಉತ್ತರ ಕೊಡುತ್ತಿದೆ. ಊರಿನಲ್ಲಿ ಮಾತ್ರ ಒಬ್ಬರಿಗೂ ಉತ್ತರ ಸಿಗುತ್ತಿಲ್ಲ.

ಮಾರನೆಯ ದಿನ ಗಾಶ್ಪಾರ್ ಬಾಚಿ ಅವಳನ್ನು ಕರೆದು ಕೂರಿಸಿಕೊಂಡ. ಮುಖ ನೋಡಲಿಲ್ಲ, ಸೊನ್ನೆಯನ್ನೇ ನೋಡುತ್ತ ಮಾತಾಡಿದ. ಡ್ರಾಪ್ ಇಲ್ಲದೆಯೂ ಹೀಗಾಯಿತೆಂದರೆ ಯಂತ್ರಕ್ಕೆ ವಯಸ್ಸಾಯಿತೆಂದೇ ಅರ್ಥ, ರಾಜಧಾನಿಯ ದೊಡ್ಡ ಕಂಪನಿಯೊಂದು ಊರಿನ ಫೋನುಗಳಿಗೆ ವಿಳಾಸ ಹೇಳುವ ಕೆಲಸವನ್ನೆಲ್ಲ ತಾನೇ ವಹಿಸಿಕೊಳ್ಳುತ್ತೇನೆ ಎಂದಿದೆ, ಹಾರ್ಚಾವನ್ನು ಬಂದ್ ಮಾಡಿಬಿಡೋಣ ಎಂದ. ಎಮೋಕೆಗೆ ಕೆಲಸ ಹೋಗುವುದಿಲ್ಲ, ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ ಕೆಟ್ಟ ರಿಮೋಟ್ ಬದಲಾಯಿಸಿಕೊಡಬಹುದು ಎಂದೂ ಸೇರಿಸಿದ. ಅದನ್ನು ಅವನು ಕರುಣೆಯಿಂದಲೇ ಹೇಳಿದ್ದು, ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

"ಕಟಾಫ್ ಸಂಜೆವರೆಗೆ ಬಿಡಿ ಬಾಚಿ," ಎಂದಳು. "ಅವತ್ತು ಈ ಊರಲ್ಲಿ ಪುಟ ತೆರೀಲಿಲ್ಲ ಅಂದ್ರೆ ಹಾರ್ಚಾದ ತಂತಿನ ನಾನೇ ಕೀಳ್ತೀನಿ. ನೀವು ಕೈ ಕೊಳೆ ಮಾಡ್ಕೋಬೇಡಿ."

"ಏನು ತಪ್ಪಾಗಿದೆ ಅಂತ ಗೊತ್ತಾ ನಿಂಗೆ?"

"ಇಲ್ಲ. ಗೊತ್ತಾಗುತ್ತೆ."

ಆ ಮಾತನ್ನು ಅವಳು ಹೇಳಿದ ಧಾಟಿಗೆ ಗಾಶ್ಪಾರ್ ಬಾಚಿ ತಲೆಯಾಡಿಸಿ ಒಪ್ಪಿಕೊಂಡ. ಹಾರ್ಚಾ ತನ್ನ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಅಲ್ಲಿಗೆ ಒಂದು ಸಂಜೆಯ ಮಾತಾಯಿತು ಎಂದು ಎಮೋಕೆಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ದಿನ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು. ಯಂತ್ರ ಸುಳ್ಳು ಹೇಳುವುದಿಲ್ಲ, ಕೇಳುವವರು ಸರಿಯಾಗಿ ಕೇಳಬೇಕು ಎನ್ನುವುದು ಅವಳ ಸಿದ್ಧಾಂತ.

ಸರಿಯಾದ ಪ್ರಶ್ನೆ ಸಿಕ್ಕಿದ್ದು ಮೀನಿನ ಸಾರಿನ ಹಬ್ಬದ ದಿನ. ಜುಲೈಯಲ್ಲಿ ಒಂದು ಶನಿವಾರ ಊರಿನ ದೊಡ್ಡ ಚೌಕದ ತುಂಬ ಮುಕ್ಕಾಲಿ ನೆಟ್ಟು, ಕೊಪ್ಪರಿಗೆ ತೂಗುಹಾಕಿ, ಮನೆಗೊಂದು ಬೆಂಕಿ ಹೊತ್ತಿಸುತ್ತಾರೆ. ಹೊಗೆಗೆ ಕಣ್ಣು ಬಿಡಲಾಗದು, ಕೆಂಪು ಮೆಣಸಿನ ಘಾಟಿಗೆ ನದಿಯಾಚೆಯವರೂ ಸೀನುತ್ತಾರೆ. ಎಮೋಕೆಯ ಗಂಡ ದೆಜೋ ಅವರ ಬೀದಿಗೆಲ್ಲ ಅಡುಗೆಭಟ್ಟ. ಗೆಂಡೆ ಮೀನು ಕುದಿಯುವಾಗ ಸೌಟು ಹಾಕಿ ಕಲಕುವವರನ್ನು ಅವನು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊಪ್ಪರಿಗೆಯ ಹಿಡಿ ಹಿಡಿದು ಮೆಲ್ಲಗೆ ತಿರುಗಿಸಬೇಕು, ಅಷ್ಟೇ. ಆ ವರ್ಷ ಅವನ ಸಾರಿನ ಕೀರ್ತಿ ಎಲ್ಲೆಲ್ಲಿಗೆ ಹರಡಿತ್ತೋ, ತಮ್ಮ ಬೀದಿಯವರಲ್ಲದೆ ಬೇರೆ ಬೀದಿಯವರೂ ತಟ್ಟೆ ಹಿಡಿದು ಬಂದರು.

ದೆಜೋ ಎದೆಯುಬ್ಬಿಸಿ ಎಲ್ಲರ ಹೆಸರನ್ನೂ ಕೇಳಿಟ್ಟುಕೊಂಡ. ಯಾರಿಗೂ ಇಲ್ಲ ಎನ್ನಲಿಲ್ಲ. ಬಂದ ಸರದಿಯಲ್ಲೇ ಶಾವಿಗೆ ಹಾಕಿ, ಸಾರು ಸುರಿದು, ಹೆಸರು ಕೂಗಿದ. ಇರ್ಮಾ ನೇನಿಯ ಹೆಸರು ಕೂಗಿದ, ಮುದುಕಿ ಇಲ್ಲ. ಕಾದು ಸಾಕಾಗಿ ಪಕ್ಕದ ಕೊಪ್ಪರಿಗೆಯತ್ತ ಹೋಗಿದ್ದಳು. ಅವಳ ತಟ್ಟೆಯನ್ನು ಮೇಜಿನ ಮೇಲಿಟ್ಟು ಮುಂದಿನವರನ್ನು ಕೂಗಿದ, ಅವರೂ ಇಲ್ಲ. ಅದರ ಮುಂದಿನವರೂ ಇಲ್ಲ. ಅಷ್ಟರಲ್ಲಿ ಇರ್ಮಾ ನೇನಿ ಬಂದು, ನನ್ನನ್ನು ಮರೆತೇಬಿಟ್ಟೆಯಾ ಎಂದು ಬೈದು, ಸಾಲಿನ ಕೊನೆಯಲ್ಲಿ ಇನ್ನೊಮ್ಮೆ ತನ್ನ ಹೆಸರು ಹೇಳಿ ಮತ್ತೆ ಎತ್ತಲೋ ಹೋದಳು. ಮೇಜಿನ ಮೇಲೆ ವಾರಸುದಾರರಿಲ್ಲದ ತಟ್ಟೆಗಳು ಸಾಲುಗಟ್ಟಿದವು, ಶಾವಿಗೆ ಊದಿಕೊಂಡು ಅಂಟಾಯಿತು, ಸಾರಿನ ಮೇಲೆ ಕೊಬ್ಬಿನ ಕೆನೆ ಕಟ್ಟಿತು. ದೆಜೋನ ಬೆವರು ಇಳಿಯುತ್ತಿದೆ, ಕೈ ಒಂದು ಗಳಿಗೆ ನಿಂತಿಲ್ಲ. ಅಲ್ಲೇ ಎದುರಿಗೆ ಹಸಿದು ನಿಂತವರಿಗೆ ಮಾತ್ರ ಒಂದು ತೊಟ್ಟೂ ಸಿಕ್ಕಿಲ್ಲ, ಯಾಕೆಂದರೆ ಅವರಿಗಿಂತ ಮುಂಚೆ ಬಂದು ಹೋದವರ ಪಾಳಿ ಇನ್ನೂ ಮುಗಿದಿಲ್ಲ.

ಎಮೋಕೆ ತಣ್ಣಗಾದ ಒಂದು ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ ಎನ್ನುವುದು ಇದನ್ನೇ ಅಲ್ಲವೇ! ಹಾರ್ಚಾ ಫುಟ್‌ಬಾಲ್ ಸಂಜೆ ಮಾಡುತ್ತಿದ್ದದ್ದೂ ಇದನ್ನೇ. ಫೋನು ಪ್ರಶ್ನೆ ಕೇಳಿ ಒಂದು ಗಳಿಗೆ ಕಾಯುತ್ತದೆ, ಉತ್ತರ ಬರದಿದ್ದರೆ ಅದನ್ನು ಕೈಬಿಟ್ಟು ಹೊಸದಾಗಿ ಕೇಳುತ್ತದೆ; ಹಳೆಯದಕ್ಕೆ ಆಮೇಲೆ ಉತ್ತರ ಬಂದರೂ ಮುಟ್ಟುವುದಿಲ್ಲ. ಅವಳು ಮಾಡಿಕೊಟ್ಟ ಮೈದಾನದಲ್ಲಿ ಹಳೆಯ ಪ್ರಶ್ನೆ, ಅದರ ಹಿಂದೆ ಅದೇ ಫೋನಿನ ಎರಡನೆಯ ಪ್ರಶ್ನೆ, ಅದರ ಹಿಂದೆ ಮೂರನೆಯದು, ಎಲ್ಲವೂ ಶಿಸ್ತಾಗಿ ನಿಂತಿದ್ದವು. ಹಾರ್ಚಾ ಎದ್ದುಹೋದವರ ಹೆಸರನ್ನೇ ಕೂಗುತ್ತ ಸಂಜೆ ಕಳೆದಿತ್ತು. ಒಬ್ಬರನ್ನೂ ಅಟ್ಟಬಾರದೆಂಬ ತನ್ನ ಊರಿನ ದೊಡ್ಡಸ್ತಿಕೆಯೇ ಊರನ್ನು ಉಪವಾಸ ಕೆಡವಿತ್ತು.

ತಟ್ಟೆ ಇಟ್ಟು ಅವಳು ಗಂಡನ ಕೈಯಿಂದ ಸೌಟು ಕಿತ್ತುಕೊಂಡಳು. ಕೊಪ್ಪರಿಗೆಯ ಪಕ್ಕದಲ್ಲಿ ಮರದ ಬೆಂಚೊಂದಿತ್ತು. ಎದುರಿಗೆ ಕಂಡವರನ್ನು ಅದು ತುಂಬುವಷ್ಟು ಕೂರಿಸಿದಳು, ಉಳಿದವರ ಕಡೆ ತಿರುಗಿದಳು.

"ಬೆಂಚಲ್ಲಿ ಕೂತವರಿಗೆ ಮಾತ್ರ ಈಗ. ಉಳಿದವರು ಚೌಕಕ್ಕೆ ಒಂದು ಸುತ್ತು ಹಾಕಿ ಬನ್ನಿ. ಬಂದಾಗ ಜಾಗ ಇದ್ರೆ ಕೂರಿ, ಇಲ್ಲಾಂದ್ರೆ ಇನ್ನೊಂದು ಸುತ್ತು."

ದೆಜೋ ಬಿಳಿಚಿಕೊಂಡ. "ವಾಪಸ್ ಕಳಿಸ್ತಿದ್ದೀಯೇನೇ? ನನ್ನ ಕೊಪ್ಪರಿಗೆಯಿಂದ? ನಾಳೆ ನಾನು ಊರಲ್ಲಿ ತಲೆ ಎತ್ಕೊಂಡು ತಿರುಗಬೇಕೋ ಬೇಡ್ವೋ?"

"ತಲೆ ಆಮೇಲೆ ಎತ್ತುವಿಯಂತೆ ಮಾರಾಯ, ಈಗ ಶಾವಿಗೆ ಹಾಕು."

ಗೊಣಗಾಟವೇನೋ ಆಯಿತು. ಇರ್ಮಾ ನೇನಿ, ಕಾಲ ಕೆಟ್ಟುಹೋಯಿತು ಎಂದು ಚೌಕಕ್ಕೆಲ್ಲ ಕೇಳುವ ಹಾಗೆ ಸಾರಿದಳು. ಆದರೆ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಬೆಂಚಿನಲ್ಲಿ ಜಾಗವಿತ್ತು, ಹಬೆಯಾಡುವ ತಟ್ಟೆ ನೇರವಾಗಿ ಕೈಗೆ ಬಂತು. ಮುದುಕಿ ಎರಡು ತಟ್ಟೆ ಹೊಡೆದು, ಕೊನೆಯಲ್ಲಿ ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದು, ಒಂದು ಮಾತೂ ಆಡದೆ ಹೋದಳು. ಅವಳು ಮಾತಾಡದೆ ಹೋದದ್ದು ಬೀದಿಯವರಿಗೆಲ್ಲ ನೆನಪಿದೆ.

ಸೋಮವಾರ ಎಮೋಕೆ ಹಾಡು ಗುನುಗುತ್ತ ಆಫೀಸಿಗೆ ಬಂದಳು. ಬೆಂಚು ಎಷ್ಟುದ್ದ ಇರಬೇಕು ಎನ್ನುವುದಷ್ಟೇ ಈಗಿನ ಪ್ರಶ್ನೆ. ತೀರಾ ಚಿಕ್ಕದಾದರೆ ಹೋದ ವರ್ಷದ ಕಥೆ, ನಾಲ್ಕು ಜನ ಒಟ್ಟಿಗೆ ಬಂದರೆ ಮೂವರನ್ನು ಅಟ್ಟಿ ಅಡುಗೆಯವನು ನೊಣ ಹೊಡೆಯುವುದು. ತೀರಾ ಉದ್ದವಾದರೆ ಈ ವರ್ಷದ ಕಥೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಫೋನೊಂದು ಬೇಸರಪಟ್ಟು ಮತ್ತೆ ಕೇಳುವ ಮೊದಲು ಹಾರ್ಚಾ ಎಷ್ಟು ಪ್ರಶ್ನೆಗೆ ಉತ್ತರಿಸಬಲ್ಲದು ಎಂದು ಅಳೆದಳು, ಅದಕ್ಕಿಂತ ಸಾಕಷ್ಟು ಕಡಿಮೆ ಹಿಡಿಯುವಂತೆ ಬಫರನ್ನು ಕತ್ತರಿಸಿದಳು. ಇನ್ನೊಂದು ಯಂತ್ರದಿಂದ ಕಟಾಫ್ ಸಂಜೆಯ ಹಾಗೆಯೇ ನುಗ್ಗಿಸಿ ನೋಡಿದಳು, ಮತ್ತೆ ಸ್ವಲ್ಪ ಕತ್ತರಿಸಿದಳು. ವಾರವಿಡೀ ಇದೇ ಕೆಲಸ. ಕೊನೆಗೆ ಒಂದು ಅಳತೆಯಲ್ಲಿ ಹಾರ್ಚಾ ಕೊಟ್ಟ ಉತ್ತರವೆಲ್ಲ ಕೇಳಿದವರ ಕೈಗೇ ಸೇರತೊಡಗಿತು. ಗೋಡೆಯ ಮೇಲಿನ ಹಸಿರು ಸೊನ್ನೆ ಮಾತ್ರ ಕೆಂಪಗಾಗಿ ಓಡತೊಡಗಿತು.

ಗಾಶ್ಪಾರ್ ಬಾಚಿ ಅದನ್ನು ನೋಡಿ ಹೌಹಾರಿದ. ಇದ್ದ ಸೊನ್ನೆಯನ್ನು ಕೈಯಾರೆ ಕೆಡಿಸುವವರನ್ನು ಮೊದಲ ಸಲ ನೋಡುತ್ತಿದ್ದೇನೆ ಎಂದ. ಅವಳು ಕೊಪ್ಪರಿಗೆಯ ಕಥೆ ಹೇಳಿದಳು. ಅವನ ತಲೆಗೆ ಹತ್ತಲಿಲ್ಲ. ಗಣಿತದಲ್ಲಿ ಸಾರು ಬೆರೆಸಬೇಡ ಎಂದ. ಆದರೆ ಕೊಟ್ಟ ಮಾತಿಗೆ ತಪ್ಪುವವನಲ್ಲ, ಕಟಾಫ್ ಸಂಜೆಯವರೆಗೆ ಅವಳ ಯಂತ್ರ ಅವಳಿಷ್ಟ ಎಂದು ಕೈತೊಳೆದುಕೊಂಡ. ಅವನ ಮಗಳು ವಿಲ್ಲೋ ಕೂಡ ಆ ವರ್ಷ ಪಶುವೈದ್ಯ ಕಾಲೇಜಿಗೆ ಅರ್ಜಿ ಹಾಕಿದ್ದಳು, ಹಾಗಾಗಿ ಅವನಿಗೆ ಒಂದರ ಮೇಲೊಂದು ಚಿಂತೆ.

ಆ ಸಂಜೆ ಇಬ್ಬರೂ ಆಫೀಸಿನಲ್ಲೇ ಇದ್ದರು. ಬಿಸಿಲಿನ್ನೂ ಹಳದಿಯಾಗಿತ್ತು, ಕಿಟಕಿಯಾಚೆ ದಂಡೆಯಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಗೋಡೆಯ ಪರದೆಯ ಪಕ್ಕದಲ್ಲಿ ಎಮೋಕೆ ಇನ್ನೊಂದು ಪರದೆ ಇಟ್ಟುಕೊಂಡಿದ್ದಳು. ಒಳಗೆ ಜಾಗ ಸಿಗಲಿ ಬಿಡಲಿ, ತಂತಿಯ ಮೇಲೆ ಬಂದ ಪ್ರಶ್ನೆಗಳನ್ನೆಲ್ಲ ಅದು ತೋರಿಸುತ್ತಿತ್ತು. ದಂಡೆಯ ಗಲಾಟೆ ಒಮ್ಮೆಗೇ ನಿಂತಿತು. ಗಂಟೆಯಾಯಿತೆಂದು ಅದರಿಂದಲೇ ತಿಳಿಯಿತು.

ಸೊನ್ನೆ ಕೆಂಪಾಯಿತು. ನೂರಾಯಿತು, ಸಾವಿರವಾಯಿತು, ಓದಲು ಆಗದಷ್ಟು ವೇಗದಲ್ಲಿ ಏರಿತು. ಗಾಶ್ಪಾರ್ ಬಾಚಿ ಕುರ್ಚಿಯಿಂದ ಎದ್ದುನಿಂತ.

"ಹಾಕು ವಾಪಸ್. ಮೊದಲಿನ ಅಳತೆಗೆ ಹಾಕು ಎಮೋಕೆ, ಹೇಳ್ತಿದ್ದೀನಿ."

ಎಮೋಕೆ ಕೀಲಿಮಣೆಯಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಆ ಗೋಡೆ ನೋಡಬೇಡಿ ಬಾಚಿ. ನಿಮ್ಮ ಫೋನ್ ನೋಡಿ. ವಿಲ್ಲೋದು ನೋಡಿ."

ಅವನು ಸಿಟ್ಟಿನಲ್ಲೇ ಫೋನು ತೆಗೆದು ಒತ್ತಿದ. ಪರದೆಯ ಮೇಲೆ ಸಣ್ಣ ಚಕ್ರ ತಿರುಗಿತು. ಅವನು ಫೋನನ್ನು ಅವಳ ಮುಖಕ್ಕೆ ಹಿಡಿದು, ನೋಡು, ಹೋದ ವರ್ಷದ ಹಾಗೇ, ಎಂದು ಶುರುಮಾಡಿದ. ಮಾತು ಮುಗಿಯುವ ಮೊದಲೇ ಪುಟ ತೆರೆಯಿತು. ಅವನು ಫೋನನ್ನು ತನ್ನ ಕಡೆ ತಿರುಗಿಸಿಕೊಂಡ, ಕನ್ನಡಕ ಹಣೆಗೇರಿಸಿದ, ಇಳಿಸಿದ. ಪಶುವೈದ್ಯದ ಕಟಾಫ್ ಓದಿದ. ಮಗಳ ಅಂಕ ಅದಕ್ಕಿಂತ ಮೇಲಿತ್ತು. ಗಣಿತದ ಮೇಷ್ಟ್ರು ಆ ಸಣ್ಣ ವ್ಯವಕಲನವನ್ನು ಬೆರಳಿನಲ್ಲಿ ಎರಡು ಸಲ ಮಾಡಿದ.

ಅಷ್ಟರಲ್ಲಿ ದಂಡೆಯಲ್ಲಿ ಒಬ್ಬಳು ಕಿರುಚಿದಳು. ಆಮೇಲೆ ಇನ್ನೊಬ್ಬ, ಆಮೇಲೆ ಗುಂಪಿಗೆ ಗುಂಪೇ. ಅಳುವವರೂ ಇದ್ದರು, ಅವರ ದನಿಯೂ ಕೇಳಿತು, ಪಾಪ, ಎಲ್ಲರಿಗೂ ಸೀಟು ಸಿಗುವುದುಂಟೇ. ಆದರೆ ಊರಿನ ಮಕ್ಕಳಿಗೆಲ್ಲ ತಮ್ಮ ಹಣೆಬರಹ ದೇಶದ ಮಕ್ಕಳ ಜೊತೆಗೇ ಗೊತ್ತಾಗಿತ್ತು. ಗೋಡೆಯ ಮೇಲೆ ಏರುತ್ತಿದ್ದ ಅಂಕಿ ನಿಧಾನವಾಯಿತು, ನಿಂತಿತು. ಆಫೀಸಿನ ಫೋನುಗಳು ಒಂದೂ ಬಡಿದುಕೊಳ್ಳಲಿಲ್ಲ.

ಗಾಶ್ಪಾರ್ ಬಾಚಿ ಕೂತು ಮೂಗು ಒರೆಸಿಕೊಂಡ. ಎಮೋಕೆ ಎರಡನೆಯ ಪರದೆಯಲ್ಲಿ ಅವನ ಫೋನಿನ ಸಾಲುಗಳನ್ನು ಹುಡುಕಿ ತೋರಿಸಿದಳು. ಒಂದೇ ಪ್ರಶ್ನೆ ಎರಡು ಸಲ ಬಂದಿತ್ತು, ಉತ್ತರ ಒಂದೇ ಸಲ ಹೋಗಿತ್ತು.

"ಮೊದಲನೇ ಸಲ ನಿಮ್ಮನ್ನ ಬಾಗಿಲಿಂದಲೇ ವಾಪಸ್ ಕಳಿಸಿದೆ ಬಾಚಿ. ಆ ಕೆಂಪು ಅಂಕೀಲಿ ನೀವೂ ಒಬ್ರು."

ಅವನು ಆ ಎರಡು ಸಾಲುಗಳ ಮೇಲೆ ಬೆರಳಾಡಿಸಿದ. "ನಂಗೆ ಗೊತ್ತೇ ಆಗ್ಲಿಲ್ಲವಲ್ಲ ಹುಡುಗಿ," ಎಂದ.

ಆ ಭಾನುವಾರ ದೆಜೋ ಹಿತ್ತಲಲ್ಲಿ ಕೊಪ್ಪರಿಗೆ ತೂಗುಹಾಕಿದ್ದ. ಬೀದಿಯವರೆಲ್ಲ ಬೆಂಚಿನಲ್ಲಿ ಕೂತಿದ್ದರು, ನಡುವೆ ಇರ್ಮಾ ನೇನಿ ಎರಡು ಜನರ ಜಾಗ ಹಿಡಿದಿದ್ದಳು. ಗಾಶ್ಪಾರ್ ಬಾಚಿ ಹೇಳದೆ ಕೇಳದೆ, ಒಂದು ತಟ್ಟೆ ಪೊಗಾಚಾ ಹಿಡಿದುಕೊಂಡು ಗೇಟು ತಳ್ಳಿ ಬಂದ. ದೆಜೋ ಬೆಂಚು ನೋಡಿದ, ಬಂದವನನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವಳು ಹುಬ್ಬು ಹಾರಿಸಿದಳು. ಬಾಯಾದ ಗಂಡಸಿಗೆ ಆ ಮಾತು ಬಾಯಿಗೆ ಬರುವುದು ಎಷ್ಟು ಕಷ್ಟ ಎಂದು ಬೇರೆ ಊರಿನವರಿಗೆ ಹೇಳಿ ಪ್ರಯೋಜನವಿಲ್ಲ. ಕೊನೆಗೂ ಹೇಳಿದ, ಬೇಜಾರು ಮಾಡ್ಕೋಬೇಡಿ ಬಾಚಿ, ನದಿ ತನಕ ಹೋಗಿ ಬಂದ್ಬಿಡಿ ಎಂದು. ಗಾಶ್ಪಾರ್ ಬಾಚಿ ಪೊಗಾಚಾವನ್ನು ದೆಜೋನ ಕೈಗಿಟ್ಟು ಹೋಗಿ ಬಂದ. ಅಷ್ಟರಲ್ಲಿ ಬೆಂಚಿನ ತುದಿಯಲ್ಲಿ ಜಾಗವಾಗಿತ್ತು, ಸಾರು ನಾಲಿಗೆ ಸುಡುವಷ್ಟು ಬಿಸಿಯಿತ್ತು.

ಅರ್ಧ ತಟ್ಟೆ ಮುಗಿಯುವವರೆಗೆ ಅವನು ತಲೆ ಎತ್ತಲಿಲ್ಲ. ಎಮೋಕೆ ಕೇಳಬಾರದೆಂದುಕೊಂಡಿದ್ದಳು, ತಡೆಯಲಾಗದೆ ಕೇಳಿಯೇಬಿಟ್ಟಳು, ರಾಜಧಾನಿಯ ಕಂಪನಿಯವರಿಗೆ ಏನು ಹೇಳಿದಿರಿ ಎಂದು.

"ಹಾರ್ಚಾ ನಮ್ಮಲ್ಲೇ ಇರುತ್ತೆ, ನಿಮ್ಮ ಸಹವಾಸ ಬೇಡ ಅಂತ ಹೇಳೋಣ ಅಂತ ಫೋನ್ ಮಾಡ್ದೆ," ಎಂದ ಅವನು, ಮೀನಿನ ಮುಳ್ಳು ತೆಗೆಯುತ್ತ. "ನೀವು ಸರತಿಯಲ್ಲಿದ್ದೀರಿ, ದಯವಿಟ್ಟು ಕಾಯಿರಿ ಅಂದ್ರು. ಸಂಗೀತ ಹಾಕಿದ್ರು. ಕಾದೆ, ಕಾದೆ, ಸಾಕಾಗಿ ಫೋನ್ ಇಟ್ಬಿಟ್ಟು ಕಾಗದ ಬರೆದು ಹಾಕ್ದೆ. ಅಲ್ಲಿ ಇನ್ನೂ ನನ್ನ ಹೆಸರು ಕೂಗ್ತಾ ಇದ್ದಾರೋ ಏನೋ."

ಎಮೋಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಅವನ ತಟ್ಟೆಗೆ ಇನ್ನೊಂದಿಷ್ಟು ಶಾವಿಗೆ ಹಾಕಿ, ಮೇಲೆ ಬಿಸಿ ಸಾರು ಬಡಿಸಿದಳು.